ಪಾಲಣ್ಣನ ಎಡಗಣ್ಣು

ಎಲ್ಲಿಗೆ ಹೊರಟಿರಿ ಎಂದು ಯಾರೂ ಕೇಳದಿದ್ದರೆ ಸಾಕು ಎಂದುಕೊಳ್ಳುತ್ತ ಹಯೀಮ ಬೆಳಿಗ್ಗೆ ಆರೂವರೆಗೇ ಕೋಣೆಯ ಬಾಗಿಲೆಳೆದುಕೊಂಡ. ಫೆಬ್ರವರಿಯ ಚಳಿ ಇನ್ನೂ ಬಿಟ್ಟಿರಲಿಲ್ಲ. ಅಡಿಕೆ ಮಂಡಿಗಳ ಕಡೆಯಿಂದ ಬರುವ ಒಗರು ವಾಸನೆ ಮಂಜಿನ ಜೊತೆ ಸೇರಿ ಚನ್ನಗಿರಿಯ ಬೀದಿಯಲ್ಲಿ ಮೊಣಕಾಲಿನ ಮಟ್ಟಕ್ಕೆ ನಿಂತುಕೊಂಡಂತಿತ್ತು. ಬೀಗ ತಿರುಗಿಸಲು ಬಲಗೈಯ ಬೆರಳುಗಳು ಒಪ್ಪಲಿಲ್ಲ. ಚಳಿಗಾಲದಲ್ಲಿ ಗಂಟುಗಳು ಹಾಗೇ ಬಿಗಿದುಕೊಳ್ಳುತ್ತವೆ. ಎಡಗೈಯಿಂದ ಬೀಗ ಹಾಕಿ ತಿರುಗಿದರೆ ಮನೆಯ ಮಾಲೀಕ ಪಂಚಾಕ್ಷರಪ್ಪ ಜಗಲಿಯ ಮೇಲೆ ಶಾಲು ಹೊದ್ದು ಕೂತಿದ್ದ. ಎದ್ದು ಎಷ್ಟು ಹೊತ್ತಾಗಿತ್ತೋ.

"ಏನ್ ಮೇಷ್ಟ್ರೆ, ಇಷ್ಟು ಲಗೂನೆ? ಪಾಸ್‌ಪೋರ್ಟಿನ ಕೆಲ್ಸನಾ?"

"ಹ್ಞೂಂ. ದಾವಣಗೆರೆತನಕ," ಎಂದ ಹಯೀಮ. ಅದರಲ್ಲಿ ಅರ್ಧ ನಿಜವಿತ್ತು.

"ಮುಂದಿನ ತಿಂಗ್ಳು ಹೊಂಟೇ ಬಿಡ್ತೀರಿ. ನಿಮ್ಮೋರ ದೇಶ, ನಿಮ್ಮ ತಂಗಿ ಇರೋ ಊರು, ಹೋಗ್ರಿ. ಆದ್ರೆ ಒಂದು ಮಾತು ಕೇಳ್ತೀನಿ, ಸಿಟ್ಟಾಗ್‌ಬ್ಯಾಡ್ರಿ. ನೀವು ಸಾಬ್ರೋ ಕಿರಿಸ್ತಾನ್ರೋ ಅಂತ ನಮ್ಮ ಮನ್ಯಾಗೆ ಇನ್ನೂ ತೀರ್ಮಾನ ಆಗಿಲ್ಲ ನೋಡ್ರಿ."

ಹತ್ತು ವರ್ಷದಿಂದ ಅದೇ ಮನೆಯ ಹಿಂದಿನ ಕೋಣೆಯಲ್ಲಿದ್ದ ಹಯೀಮ ಎಷ್ಟು ಸಲ ಹೇಳಿದ್ದನೋ: ಎರಡೂ ಅಲ್ಲ, ನಾವು ಯಹೂದಿಗಳು, ಕೊಂಕಣದ ಕಡೆಯವರು, ಹಿಂದೆ ಗಾಣದಲ್ಲಿ ಎಣ್ಣೆ ತೆಗೆಯುತ್ತಿದ್ದವರು, ಶನಿವಾರ ಗಾಣ ಕಟ್ಟದವರು. ಪ್ರತಿ ಸಲವೂ ಪಂಚಾಕ್ಷರಪ್ಪ ತಲೆದೂಗಿ, ಅದು ಇವೆರಡರಲ್ಲಿ ಯಾವುದರೊಳಗೆ ಬರುತ್ತದೆ ಎಂದು ಕೇಳುತ್ತಿದ್ದ. ಇವತ್ತು ಶನಿವಾರ ಎಂಬುದು ಆಗ ನೆನಪಾಯಿತು. ಶನಿವಾರ ವಾಹನ ಹತ್ತಬಾರದು ಎಂದು ಅಮ್ಮ ಬೊಂಬಾಯಿಯಲ್ಲಿ ಭಾಯಖಳದ ಚಾಳಿನ ಮೆಟ್ಟಿಲ ಮೇಲೆ ನಿಂತು ಹೇಳುತ್ತಿದ್ದಳು. ಅವಳು ಹೇಳುತ್ತಿದ್ದಾಗಲೇ ಅವನು ಟ್ರಾಮಿನ ಹಿಂದೆ ಓಡುತ್ತಿದ್ದ, ಹೆಗಲಿನಲ್ಲಿ ಒಂದಕ್ಕೊಂದು ಕಟ್ಟಿದ ಬಾಕ್ಸಿಂಗಿನ ಗ್ಲೌಸು ಎದೆಗೆ ಬಡಿಯುತ್ತಿತ್ತು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ತ್ಯಾವಣಿಗೆಯಲ್ಲಿ ಹತ್ತಿದ ದಪ್ಪ ಹೆಂಗಸೊಬ್ಬಳು ಪಕ್ಕದಲ್ಲಿ ಕೂತ ಐದೇ ನಿಮಿಷಕ್ಕೆ ನಿದ್ದೆಹೋಗಿ ಅವನ ಬಲಭುಜಕ್ಕೆ ತಲೆಯಾನಿಸಿದಳು. ಅವನು ಕದಲಲಿಲ್ಲ. ಚಾನೆಲ್ಲಿನ ನೀರು ರಸ್ತೆಯ ಜೊತೆಜೊತೆಗೇ ಬರುತ್ತಿತ್ತು. ಬತ್ತದ ಗದ್ದೆಗಳ ಮೇಲಿನ ಬಿಸಿಲು ಎಳೆಯದಾಗಿ, ಯಾರೋ ಹಾಲು ಚೆಲ್ಲಿದಂತೆ ಇತ್ತು. ಕಣ್ಣು ಅರೆಮುಚ್ಚಿದರೆ ಆ ತಲೆಯ ಭಾರ ಬೇರೆ ಭಾರವಾಗುತ್ತಿತ್ತು. ಬಾಕ್ಸಿಂಗಿನಲ್ಲಿ ಇಬ್ಬರೂ ದಣಿದಾಗ ಹೀಗೇ ಒಬ್ಬರ ಹೆಗಲ ಮೇಲೆ ಒಬ್ಬರು ತಲೆಯಿಟ್ಟು ನಿಲ್ಲುತ್ತಾರೆ. ನೋಡುವವರಿಗೆ ಅದು ಜಗಳ. ನಿಂತವರಿಗೆ ಅರೆಗಳಿಗೆಯ ನಿದ್ದೆ. ಎದುರಾಳಿಯ ಬೆವರು, ಅವನು ಬಾಯಿಗೆ ಹಾಕಿಕೊಂಡ ಲವಂಗದ ವಾಸನೆ, ಅವನ ಎದೆಯ ಹೊಡೆತ ಎಲ್ಲ ತನ್ನವೇ ಅನ್ನಿಸುತ್ತವೆ. ಆಮೇಲೆ ರೆಫರಿ ಬಂದು ಬಿಡಿಸುತ್ತಾನೆ.

ಅವನು ಲೈಟ್‌ವೇಟ್. ಒಂಬತ್ತು ಸ್ಟೋನ್ ಒಂಬತ್ತು ಪೌಂಡಿನೊಳಗೆ ಇರಬೇಕು, ಅದಕ್ಕಿಂತ ಗುಲಗಂಜಿಯಷ್ಟೂ ಹೆಚ್ಚಾಗಬಾರದು. ಸಾವಿರದ ಒಂಬೈನೂರ ನಲವತ್ತೆಂಟರಲ್ಲಿ ಬೊಂಬಾಯಿಯ ದೊಡ್ಡ ಪಂದ್ಯಕ್ಕೆ ತೂಕ ನೋಡುವ ದಿನ ಅವರ ಪ್ರಾಯಶ್ಚಿತ್ತದ ಉಪವಾಸದ ಮಾರನೆಯ ದಿನವೇ ಬಂತು. ಹಯೀಮ ಹಿಂದಿನ ದಿನವೆಲ್ಲ ತೊಟ್ಟು ನೀರು ಮುಟ್ಟಲಿಲ್ಲ. ಅಮ್ಮ ಸಿನಗಾಗಿಗೆ ಪ್ರಾರ್ಥನೆಗೆ ಬರುವ ಹೆಂಗಸರಿಗೆಲ್ಲ ಹೇಳಿಕೊಂಡು ಬಂದಳು: ನನ್ನ ಮಗ ಗುದ್ದಾಡುವವನಾದರೇನು, ದೇವರ ದಿನ ತಪ್ಪಿಸಲಿಲ್ಲ. ಅವಳು ತಲೆ ನೇವರಿಸಿದಾಗ ಅವನು ಲೆಕ್ಕ ಹಾಕುತ್ತಿದ್ದುದು ಎರಡು ಪೌಂಡು ಇಳಿಯಿತೋ ಇಲ್ಲವೋ ಎಂದು. ಪಂದ್ಯ ಗೆದ್ದ. ಮಾರನೆಯ ವರ್ಷ ಕೊಲಂಬೊದಲ್ಲಿ ಗೆದ್ದ. ಪೇಪರಿನಲ್ಲಿ ಬಂದ ಫೋಟೋವನ್ನು ಅಪ್ಪ ರೈಲ್ವೆ ವರ್ಕ್‌ಶಾಪಿನ ಸಲಕರಣೆ ಡಬ್ಬಿಯ ಒಳಮೈಗೆ ಅಂಟಿಸಿಕೊಂಡ. ಐವತ್ತರಲ್ಲಿ ಹದಿಮೂರು ಪಂದ್ಯ, ಹನ್ನೆರಡು ಗೆಲುವು. ಹಯೀಮನ ಬಲಗೈ ಬರುವುದು ಕಾಣುವುದಿಲ್ಲ, ಬಂದಮೇಲೆ ತಿಳಿಯುತ್ತದೆ ಎಂದು ಬೊಂಬಾಯಿಯಲ್ಲಿ ಮಾತಾಗಿತ್ತು. ಆ ಮಾತು ಕೇಳಿದಾಗ ಆಗ ಮೈ ಉಬ್ಬುತ್ತಿತ್ತು.

ಐವತ್ತೊಂದರಲ್ಲಿ ಬೆಂಗಳೂರಿನ ಫೈನಲ್. ಎದುರಿಗೆ ಮಿಲಿಟರಿಯ ಹುಡುಗ, ಪಾಲಣ್ಣ, ಚಿತ್ರದುರ್ಗ ಜಿಲ್ಲೆಯ ಬಿಳಿಚೋಡಿನವನು ಎಂದು ಮೈಕಿನಲ್ಲಿ ಕೂಗಿದರು. ಮೂರು ಮೂರು ನಿಮಿಷದ ಮೂರು ಸುತ್ತು. ಮೂರನೆಯ ಸುತ್ತಿನಲ್ಲಿ ಹಯೀಮನ ಬಲಗೈ ಅವನ ಎಡಗಣ್ಣಿನ ಪಕ್ಕಕ್ಕೆ ಬಿತ್ತು. ಪಾಲಣ್ಣ ಬೀಳಲಿಲ್ಲ, ಕೂತ. ಮರದ ನೆರಳು ಸಿಕ್ಕವನ ಹಾಗೆ ನಿಧಾನವಾಗಿ ಕೂತು, ಯಾರನ್ನೋ ಗುರುತು ಹಿಡಿದವನಂತೆ ನಕ್ಕ. ತಿಂಗಳ ಮೇಲೆ ತರಬೇತಿಯವರು ಸುದ್ದಿ ತಂದರು: ಆ ಹುಡುಗನ ಎಡಗಣ್ಣು ಹೋಯಿತಂತೆ, ನಿನ್ನ ಏಟಿಗೆ. ಹೊಗಳುವ ದನಿಯಲ್ಲೇ ಹೇಳಿದರು.

ಆಮೇಲೆ ಹಯೀಮನ ಬಲಗೈ ಏಳಲಿಲ್ಲ. ಪುಣೆಯಲ್ಲಿ, ಕಲ್ಕತ್ತೆಯಲ್ಲಿ, ಮತ್ತೆ ಬೊಂಬಾಯಿಯಲ್ಲಿ ಎದುರಿನವನ ಎಡಗಣ್ಣು ಕಂಡೊಡನೆ ಕೈ ಭುಜದ ಹತ್ತಿರವೇ ಜೋತುಬೀಳುತ್ತಿತ್ತು. ಐವತ್ತನಾಲ್ಕರ ಕೊನೆಯ ಪಂದ್ಯದಲ್ಲಿ ಗ್ಯಾಲರಿಯಿಂದ ಯಾರೋ ಬಳೆ ಎಸೆದರು. ಗಾಜಿನ ಬಳೆ, ಹಸಿರು. ಅವನದೇ ಚಾಳಿನ ಹುಡುಗರಿರಬೇಕು.

ನ್ಯಾಮತಿಯ ಹೈಸ್ಕೂಲಿಗೆ ಡ್ರಿಲ್ ಮಾಸ್ತರು ಬೇಕೆಂಬ ಜಾಹೀರಾತನ್ನು ಬೆಂಗಳೂರಿನ ಗೆಳೆಯನೊಬ್ಬ ಕಳಿಸಿದಾಗ ಅವನು ಮೊದಲು ನೋಡಿದ್ದು ನಕ್ಷೆಯನ್ನು. ನ್ಯಾಮತಿಯಿಂದ ಬಿಳಿಚೋಡಿಗೆ ಬೆರಳಿನ ಎರಡು ಗೆಣ್ಣಿನಷ್ಟು ದೂರ. ಮೊದಲ ರಜೆಯಲ್ಲೇ ಹೋಗಿ ಬರುತ್ತೇನೆ ಎಂದುಕೊಂಡು ಬಂದವನು ಇಪ್ಪತ್ತನಾಲ್ಕು ವರ್ಷ ಹೋಗಲಿಲ್ಲ. ನ್ಯಾಮತಿಯಲ್ಲಿ ಕನ್ನಡ ಕಲಿತ. ಹೊನ್ನಾಳಿಗೆ ವರ್ಗವಾದಾಗ ಸಂಜೆ ಹೊಳೆಯ ದಂಡೆಗೆ ಹೋಗಿ ನೀರು ನೋಡುತ್ತ, ಹೇಳಬೇಕಾದ ಮಾತನ್ನು ಕನ್ನಡದಲ್ಲಿ ಕಟ್ಟಿದ. ಅದುವರೆಗೆ ಅದು ಮರಾಠಿಯಲ್ಲೇ ಇತ್ತು. ಒಮ್ಮೆ ಜಗಳೂರಿನ ಆಟೋಟದ ಪಂದ್ಯಗಳಿಗೆ ತಂಡ ಕರೆದುಕೊಂಡು ಹೋಗುವಾಗ ಬಸ್ಸು ಬಿಳಿಚೋಡಿನಲ್ಲಿ ನಿಂತಿತು. ಅವನು ಕಣ್ಣು ಮುಚ್ಚಿಕೊಂಡು ನಿದ್ದೆ ಬಂದವನಂತೆ ಕೂತಿದ್ದ. ಬಸ್ಸು ಹೊರಡುವತನಕ ಕಿಟಕಿಯ ಹೊರಗೆ ಯಾರೋ ಕೆಮ್ಮುತ್ತಿದ್ದರು. ಆ ಕೆಮ್ಮು ಪಾಲಣ್ಣನದೇ ಎಂದು ಎಷ್ಟೋ ದಿನ ಅನ್ನಿಸಿತು. ಚನ್ನಗಿರಿಯ ಸ್ಕೂಲಿನಲ್ಲಿ ಬೀಳ್ಕೊಡುಗೆಯ ದಿನ ಹೆಡ್‌ಮಾಸ್ತರು ಹೆಸರು ತಪ್ಪಾಗಿ ಓದಿ, ಶ್ರೀಯುತರು ಯೌವನದಲ್ಲಿ ಕುಸ್ತಿಪಟುವಾಗಿದ್ದರಂತೆ ಎಂದರು. ಅವನು ತಿದ್ದಲಿಲ್ಲ. ಹಾರದ ನೀರು ಕಾಲರಿನೊಳಗೆ ಇಳಿಯುತ್ತಿತ್ತು.

ಪಂದ್ಯವನ್ನು ಅವನು ಸಾವಿರ ಸಲ ನೆನೆದಿದ್ದಾನೆ. ಆದರೆ ಯಾವಾಗಲೂ ಎರಡನೆಯ ಸುತ್ತಿನಿಂದ. ಮೊದಲನೆಯ ಸುತ್ತಿನ ಹತ್ತಿರ ಬಂದರೆ ಮನಸ್ಸು ಬೇಗಬೇಗ ಹೆಜ್ಜೆ ಹಾಕಿ ದಾಟಿಬಿಡುತ್ತಿತ್ತು.

ದಾವಣಗೆರೆಯಲ್ಲಿ ಬಸ್ಸು ಬದಲಿಸಿದ. ಜಗಳೂರಿನ ದಾರಿಯಲ್ಲಿ ಹಸಿರು ತೆಳ್ಳಗಾಗುತ್ತ ಹೋಗಿ, ಕೊಯ್ಲಾದ ಜೋಳದ ಕೂಳೆಗಳು, ಕೆಂಪು ದಿಬ್ಬಗಳು, ದೂರದಲ್ಲಿ ಕುರಿಯ ಹಿಂಡು ಮೋಡದ ನೆರಳಿನಂತೆ ಸರಿಯುವುದು ಕಂಡಿತು. ಬಿಳಿಚೋಡಿನಲ್ಲಿ ಇಳಿದಾಗ ಹನ್ನೊಂದು ಗಂಟೆ. ಚಾದಂಗಡಿಯ ಹೆಂಗಸನ್ನು ಯಾರೋ ಕೆಂಪಕ್ಕ ಎಂದು ಕರೆದರು, ಅವಳನ್ನೇ ಕೇಳಿದ.

"ಯಾವ ಪಾಲಣ್ಣ? ಮಿಲಿಟ್ರಿ ಪಾಲಣ್ಣನಾ? ಹುಣಿಸೆಮರದ ಆಚೆಗೆ, ಕರೇ ಬಾಗ್ಲು. ನೀವು ಪಿಂಚಣಿ ಆಪೀಸಿನೋರೇನ್ರಿ?"

"ಅಲ್ಲಮ್ಮ. ಹಳೇ ಪರಿಚಯ."

ಪರಿಚಯ ಎಂದ ಮೇಲೆ ನಾಚಿಕೆಯಾಯಿತು. ಒಂಬತ್ತು ನಿಮಿಷದ ಪರಿಚಯ ಅದು.

ಕಪ್ಪು ಬಾಗಿಲಿನ ಮುಂದೆ ಬೇವಿನ ಕೆಳಗೆ ಕಲ್ಲಿನ ಮೇಲೆ ಕೂತು ಒಬ್ಬ ತೆಳ್ಳಗಿನ ಮನುಷ್ಯ ಕತ್ತಾಳೆ ನಾರಿನಿಂದ ಹಗ್ಗ ಹೊಸೆಯುತ್ತಿದ್ದ. ಹೆಜ್ಜೆ ಸದ್ದಿಗೆ ತಲೆಯನ್ನು ಇಡಿಯಾಗಿ ತಿರುಗಿಸಿ ನೋಡಿದ. ಎರಡು ಕಣ್ಣೂ ಇದ್ದವು. ಎರಡೂ ಒಂದೇ ಥರ ಇದ್ದವು. ಹಯೀಮ ಮೂವತ್ತು ವರ್ಷ ನೋಡಿದ್ದ ಕನಸಿನಲ್ಲಿ ಅಲ್ಲಿ ಒಂದು ಗುಳಿ ಇರುತ್ತಿತ್ತು.

"ಯಾರ್ರೀ?"

"ನಾನು ಹಯೀಮ. ಬೊಂಬಾಯಿ..."

ಹಗ್ಗ ಕೈಯಲ್ಲೇ ನಿಂತಿತು. ಪಾಲಣ್ಣನ ಮುಖದಲ್ಲಿ ಆ ಹಳೆಯ ನಗೆ, ಕೂರುವಾಗ ನಕ್ಕ ನಗೆ, ಮೆಲ್ಲಗೆ ಎದ್ದು ಬಂತು.

"ಅಯ್ಯೋ ಶಿವನೆ! ಓಬವ್ವಾ, ಬಾ ಇಲ್ಲಿ, ಯಾರು ಬಂದಾರೆ ನೋಡು. ಕುಂದುರ್ರಿ, ಕುಂದುರ್ರಿ. ನಿಮ್ಮ ಕೂದ್ಲೆಲ್ಲ ಎಲ್ಲಿ ಹೋದ್ವು? ಆಗ ಹೆಂಗೆ ಗುಂಗುರು ಇದ್ವು!"

ಒಳಗಿನಿಂದ ಎತ್ತರದ ಹೆಂಗಸು ಬಂದು ಚೊಂಬು ನೀರು ಇಟ್ಟು, ಹಯೀಮನ ಮುಖವನ್ನಲ್ಲ, ಕೈಗಳನ್ನು ನೋಡಿದಳು. ನೋಡಿ ಬಾಗಿಲಿಗೆ ಒರಗಿ ಕೂತು ತೊಗರಿ ಕೇರತೊಡಗಿದಳು. ಮೊರದ ಸದ್ದು ಒಂದೇ ಸಮನೆ ಬರುತ್ತಿತ್ತು.

ಹಯೀಮನಿಗೆ ಹೊನ್ನಾಳಿಯ ಹೊಳೆದಂಡೆಯಲ್ಲಿ ಕಟ್ಟಿದ ಮಾತು ಬಾಯಿಗೆ ಬರಲಿಲ್ಲ. ಎಲ್ಲಿದ್ದೀರಿ, ಏನು ಮಾಡುತ್ತಿದ್ದೀರಿ ಎಂದು ಪಾಲಣ್ಣ ಕೇಳುತ್ತ ಹೋದ. ಚನ್ನಗಿರಿ ಎಂದಾಗ, ಇಷ್ಟು ಹತ್ತಿರವಿದ್ದೂ ಬರಲಿಲ್ಲವಲ್ಲ ಎಂದು ತೊಡೆ ತಟ್ಟಿಕೊಂಡ. ಕೊನೆಗೆ ಹಯೀಮ ನೆಲ ನೋಡುತ್ತ ಹೇಳಿದ:

"ಮುಂದಿನ ತಿಂಗಳು ದೇಶ ಬಿಟ್ಟು ಹೋಗ್ತಿದೀನಿ. ಅದಕ್ಕೆ ಮೊದಲು... ನಿಮ್ಮ ಕಣ್ಣು ನನ್ನಿಂದ ಹೋಯ್ತು, ಪಾಲಣ್ಣನವರೆ. ಅದನ್ನ ನಿಮ್ಮೆದುರಿಗೆ ಹೇಳಬೇಕಿತ್ತು."

ಪಾಲಣ್ಣ ನಾರು ಒದ್ದೆ ಮಾಡುವ ಬೋಗುಣಿಗೆ ಬೆರಳು ಅದ್ದಿದ.

"ನಿಮ್ಮಿಂದ ಅಲ್ರಿ. ಏಳೆಂಟು ವರ್ಷದೋನಿದ್ದೆ, ಕುರಿ ಕಾಯಾಕೆ ಹೋದಾಗ ಕವಣೆ ಕಲ್ಲು ಬಡಿದು ಹೋತು. ನೋಡಾಕೆ ಚೆಂದಾಗೇ ಐತೆ, ಒಳಗೆ ಬರೀ ಮಬ್ಬು. ಮಿಲಿಟ್ರಿಗೆ ಸೇರುವಾಗ ಗೋಡೆ ಮ್ಯಾಲಿನ ಅಕ್ಷರ ಓದಿಸ್ತಾರಲ್ಲ, ನನ್ನ ಮುಂದೆ ನಿಂತೋನು ಓದಿದ್ನ ಬಾಯಿಪಾಠ ಮಾಡಿ ಒಪ್ಪಿಸಿಬಿಟ್ಟೆ. ಯುದ್ಧದ ಟೈಮು, ಯಾರು ನೋಡ್ತಾರೆ?" ನಕ್ಕ. ನಗು ಅರ್ಧಕ್ಕೇ ನಿಂತಿತು. "ನಿಮ್ಮ ಏಟಾದ ಮ್ಯಾಲೆ ಡಾಕ್ಟ್ರು ಕಣ್ಣಿಗೆ ದೀಪ ಬಿಟ್ಟು ನೋಡಿದ್ರು, ಸಿಕ್ಕಿಬಿದ್ದೆ. ಆಗ ಹೇಳಿದೆ, ರಿಂಗಿನಾಗೆ ಹೋತು ಸಾಬ್, ಬೊಂಬಾಯಿಯೋನ ಏಟಿಗೆ ಹೋತು ಅಂತ. ಡೂಟಿ ಮ್ಯಾಲೆ ಆದ ಗಾಯ ಅಂತ ಬರ್ಕಂಡು ಸ್ಟೋರಿನ ಕೆಲಸಕ್ಕೆ ಹಾಕಿದ್ರು. ಇನ್ನೂ ಹತ್ತು ವರ್ಷ ಸರ್ವೀಸು ಆತು. ನಿಮ್ಮ ಹೆಸ್ರು ಹೇಳ್ಕಂಡು ಉಳ್ಕಂಡೆ ನಾನು."

ಬೇವಿನ ಎಲೆಯೊಂದು ಸುತ್ತಿ ಸುತ್ತಿ ಇಳಿದು ಬೋಗುಣಿಯ ನೀರಿಗೆ ಬಿತ್ತು. ಅದು ಬೀಳಲು ಬಹಳ ಹೊತ್ತು ತೆಗೆದುಕೊಂಡಂತೆ ಹಯೀಮನಿಗೆ ಅನ್ನಿಸಿತು. ಪುಣೆ, ಕಲ್ಕತ್ತೆ, ಹಸಿರು ಬಳೆ, ನ್ಯಾಮತಿಯ ಮೈದಾನದಲ್ಲಿ ಊದಿದ ಸೀಟಿಗಳು ಎಲ್ಲ ಒಂದರ ಹಿಂದೊಂದು ದಾರದಿಂದ ಕಳಚಿ ಹೋದವು. ಹಗುರವಾಗಬೇಕಿತ್ತು, ಆಗಲಿಲ್ಲ. ಮೂವತ್ತು ವರ್ಷ ಹೊತ್ತ ಗಂಟಿನಲ್ಲಿ ಇದ್ದುದು ಇನ್ನೊಬ್ಬನ ಸುಳ್ಳು ಎಂದು ತಿಳಿದಾಗ ಮನುಷ್ಯ ಏನು ಮಾಡಬೇಕು? ಸಿಟ್ಟು ಬರುವುದೇನೋ ಎಂದು ತನ್ನೊಳಗೆ ಹುಡುಕಿದ. ಅಲ್ಲಿ ಮೊದಲನೆಯ ಸುತ್ತು ಮಾತ್ರ ನಿಂತುಕೊಂಡಿತ್ತು, ಈ ಸಲ ದಾಟಿಹೋಗಲು ದಾರಿ ಬಿಡದೆ.

ಪಾಲಣ್ಣ ಸಹಜವಾಗಿ ಕೇಳಿದ, "ಈ ಕಣ್ಣು ಕಾಣಲ್ಲ ಅಂತ ನಿಮಗೆ ಮೊದಲ್ನೇ ಸುತ್ತಿನಾಗೇ ಗೊತ್ತಾಗಿತ್ತಲ್ರಿ?"

ಗೊತ್ತಾಗಿತ್ತು. ಮೊದಲ ನಿಮಿಷದಲ್ಲೇ ಬಲಗೈ ಸುಮ್ಮನೆ ಬೀಸಿ ನೋಡಿದಾಗ, ಗ್ಲೌಸು ಆ ಕಣ್ಣಿನ ಗೇಣುದ್ದ ದೂರದಲ್ಲಿ ಹಾದುಹೋದರೂ ರೆಪ್ಪೆ ಮಿಟುಕಲಿಲ್ಲ. ಮತ್ತೊಮ್ಮೆ ಮಾಡಿದ. ಮಿಟುಕಲಿಲ್ಲ. ಮೂಲೆಗೆ ಬಂದು ಕೂತಾಗ ತರಬೇತಿಯವರು, ಹೇಗಿದ್ದಾನೆ ಹುಡುಗ ಎಂದು ಕೇಳಿದರು. ರೆಫರಿ ನಾಲ್ಕು ಹೆಜ್ಜೆ ಆಚೆ ನಿಂತಿದ್ದ. ಒಂದು ಮಾತು ಸಾಕಾಗಿತ್ತು. ಹಯೀಮ ಬಾಯಿ ಮುಕ್ಕಳಿಸಿ ಉಗಿದು, ಪರವಾಗಿಲ್ಲ ಎಂದ.

"ಗೊತ್ತಿತ್ತು," ಎಂದ ಈಗ. ಯಾವ ಭಾಷೆಯಲ್ಲೂ ಅದನ್ನು ಅವನು ಹೇಳಿಕೊಂಡಿರಲಿಲ್ಲ, ತನಗೆ ತಾನೂ. "ಗೊತ್ತಿದ್ದೇ ಹೊಡೆದೆ."

"ಅದಕ್ಕೇ ನೋಡ್ರಿ. ನೀವು ಬಾಯಿಬಿಟ್ಟಿದ್ರೆ ಅವತ್ತೇ ಪೆಟ್ಟಿಗಿ ಕಟ್ಟಿಸಿ ಊರಿಗೆ ಕಳಿಸ್ತಿದ್ರು. ಒಳ್ಳೇ ಮನುಷ್ಯ, ಹೇಳಲಿಲ್ಲ ಅಂತ ನಾನು ಎಷ್ಟು ಸಲ ನೆನೆಸೀನಿ. ಆಮ್ಯಾಲೆ ಎಷ್ಟು ಪಂದ್ಯ ಗೆದ್ರಿ?"

"ಒಂದೂ ಇಲ್ಲ. ಬಿಟ್ಟುಬಿಟ್ಟೆ."

"ಯಾಕ್ರಿ?"

"ನಿಮ್ಮ ಕಣ್ಣು ಹೋಯ್ತು ಅಂತ ಸುದ್ದಿ ಬಂತು. ಆಮೇಲೆ ಕೈ ಏಳಲಿಲ್ಲ."

ಪಾಲಣ್ಣನ ಕೈಯಿಂದ ನಾರು ಬಿಚ್ಚಿಕೊಂಡಿತು. ಹೊಸೆದ ಹಗ್ಗ ತಾನೇ ತಿರುಗುತ್ತ ಸಡಿಲಾಗುತ್ತ ಹೋಯಿತು; ಅವನು ಅದನ್ನು ಹಿಡಿಯಲಿಲ್ಲ. ನಡುವೆ ಒಂದು ಮೇಕೆ ಬಂದು ಇಬ್ಬರನ್ನೂ ನೋಡಿ ಹೋಯಿತು.

ಮೊರದ ಸದ್ದು ಯಾವಾಗಲೋ ನಿಂತಿತ್ತು.

"ಇಬ್ರೂ ಭಾಳ ಒಳ್ಳೇರಪ್ಪಾ," ಎಂದಳು ಓಬವ್ವ ಬಾಗಿಲಿನಿಂದ. ದನಿ ಎತ್ತರಿಸಿರಲಿಲ್ಲ. "ಅವರು ಹೇಳಲಿಲ್ಲ, ಇವರು ಸುಳ್ಳು ಹೇಳಿದ್ರು, ನ್ಯಾಯ ಬಗೆಹರೀತು. ಕಣ್ಣಿನ ಕತಿ ಸುಳ್ಳಿರಬೌದು, ತಲಿನೋವು ಸುಳ್ಳಲ್ಲ. ಮದ್ವೆಯಾಗಿ ಬಂದಾಗ್ನಿಂದ ನೋಡ್ತಿದೀನಿ, ಬಿಸಿಲು ಏರಿತು ಅಂದ್ರೆ ತಲಿ ಹಿಡ್ಕಂಡು ಗ್ವಾಡಿಗೆ ಹಣೆ ಒತ್ತಿ ನಿಲ್ತಾರೆ. ಸೀರಿ ಸೆರಗು ಹರಿದು ಬಿಗಿದು ಕಟ್ಟೀನಿ. ಏನಾತು ಅಂತ ಕೇಳಿದ್ರೆ, ಕುಸ್ತಿ ಆತು, ಬಿದ್ದೆ, ಅಂತಾರೆ. ಇಷ್ಟೇ. ಮೂವತ್ತು ವರ್ಷದಾಗೆ ಒಬ್ರೂ ನನಗೆ ಏನಾತು ಅಂತ ಸರಿಯಾಗಿ ಹೇಳಿಲ್ಲ."

"ಲೇ, ಬಂದೋರಿಗೆ..." ಎಂದ ಪಾಲಣ್ಣ.

"ನೀವು ಸುಮ್ಕಿರ್ರಿ." ಅವಳು ಎದ್ದು ಬಂದು ಕಲ್ಲಿನ ತುದಿಗೆ ಕೂತಳು. "ಅಣ್ಣಾ, ಇಷ್ಟು ದೂರ ಬಂದೀಯ. ನನಗೆ ಹೇಳಿ ಹೋಗು. ಏನೂ ಬಿಡಬ್ಯಾಡ."

ಹಯೀಮ ಹೇಳಿದ. ಮೊದಲನೆಯ ಸುತ್ತಿನಿಂದ ಹೇಳಿದ. ರೆಪ್ಪೆ ಮಿಟುಕದ್ದನ್ನು, ಎರಡನೆಯ ಸಲ ಪರೀಕ್ಷಿಸಿದ್ದನ್ನು, ಮೂಲೆಯಲ್ಲಿ ಉಗಿದ ನೀರನ್ನು ಹೇಳಿದ. ಎರಡನೆಯ ಸುತ್ತಿನಲ್ಲಿ ಪಾಲಣ್ಣ ಒಳನುಗ್ಗಿ ಪಕ್ಕೆಗೆ ಬಾರಿಸಿದ್ದನ್ನು, ತಾನು ಅವನ ಹೆಗಲಿಗೆ ಜೋತುಬಿದ್ದು ಉಸಿರೆಳೆದದ್ದನ್ನು ಹೇಳುವಾಗ ಪಾಲಣ್ಣ, "ಆ ಸುತ್ತು ನಂದೇ," ಎಂದು ಗೊಣಗಿದ. "ನಿಮ್ಮದೇ," ಎಂದ ಹಯೀಮ. ಬಿಸಿಲು ಬೇವಿನ ಸಂದಿಯಿಂದ ಮೂವರ ಮೇಲೂ ಚುಕ್ಕಿಚುಕ್ಕಿಯಾಗಿ ಅಲ್ಲಾಡುತ್ತಿತ್ತು. ಬೆಂಗಳೂರಿನ ಆ ದೀಪಗಳ ಕೆಳಗೂ ಹೀಗೇ ನೆಲ ಅಲ್ಲಾಡುತ್ತಿತ್ತು, ಜನರ ಕೂಗು ನೀರಿನಡಿಯಿಂದ ಕೇಳುವಂತೆ ಕೇಳುತ್ತಿತ್ತು. ಮೂರನೆಯ ಸುತ್ತಿನಲ್ಲಿ ಕೊನೆಯ ಅರ್ಧ ನಿಮಿಷದ ಹತ್ತಿರ ಬಂದು ಅವನು ನಿಂತ.

"ನಿಲ್ಲಿಸ್ಬ್ಯಾಡ," ಎಂದಳು ಓಬವ್ವ.

"ಎಡಗೈ ತೋರಿಸಿದೆ. ಅವರು ಅದನ್ನ ನೋಡಿದರು. ನಾನು ಅರ್ಧ ಹೆಜ್ಜೆ ಪಕ್ಕಕ್ಕೆ ಸರಿದು, ಅವರಿಗೆ ಕಾಣದ ಕಡೆಯಿಂದ, ಪೂರಾ ಮೈಭಾರ ಹಾಕಿ ಹೊಡೆದೆ. ನಿಧಾನಕ್ಕೆ ಹೊಡೆಯಬಹುದಿತ್ತು. ಸುತ್ತು ನಂದೇ ಆಗಿತ್ತು. ಆದರೂ ಹೊಡೆದೆ."

ಓಬವ್ವ ಕೈ ನೀಡಿ ಗಂಡನ ಹುಬ್ಬಿನ ಕೊನೆಗೆ ಬೆರಳಿಟ್ಟಳು. "ಇಲ್ಲೇನು?"

"ಅಲ್ಲಮ್ಮ. ಇನ್ನೂ ಹಿಂದೆ."

ಅವಳ ಬೆರಳು ನರೆತ ಕೂದಲೊಳಗೆ ಸರಿಯಿತು. "ಇಲ್ಲೇನು?"

"ಇನ್ನೂ ಸ್ವಲ್ಪ..."

"ನನಗೆ ತಿಳಿಯಂಗಿಲ್ಲ. ನೀನೇ ತೋರ್ಸು."

ಹಯೀಮ ಎದ್ದ. ಪಾಲಣ್ಣ ಕದಲದೆ ಹೆಂಡತಿಯ ಕಡೆ ಮುಖ ಮಾಡಿ ಕೂತಿದ್ದ. ಗಂಟುಗಟ್ಟಿದ ಬಲಗೈ ಭುಜದ ಹತ್ತಿರ ಒಂದು ಗಳಿಗೆ ತಡೆದು, ಮೇಲೆದ್ದು, ಪಾಲಣ್ಣನ ಎಡಗಡೆಯಿಂದ ನಿಧಾನವಾಗಿ ಬಂತು. ರೆಪ್ಪೆ ಮಿಟುಕಲಿಲ್ಲ. ಕಿವಿಯ ಮೇಲೆ, ಎಲುಬು ತೆಳುವಾಗುವ ಜಾಗದಲ್ಲಿ ಅವನ ಬೆರಳುಗಳು ಕೂತವು. ಅಡಿಯಲ್ಲಿ ನರವೊಂದು ಒಂದೇ ಸಮನೆ ಬಡಿದುಕೊಳ್ಳುತ್ತಿತ್ತು.

"ಇಲ್ಲಿ," ಎಂದ.

ಓಬವ್ವ ತನ್ನ ಕೈಯನ್ನು ಅವನ ಕೈಯ ಪಕ್ಕಕ್ಕೆ ತಂದಿಟ್ಟು, ಆ ಜಾಗವನ್ನು ಮುಟ್ಟಿ ಗುರುತು ಮಾಡಿಕೊಂಡಳು.